ಗೋಧಿಯ ಗಿಳಿ

ಬಟ್ಟೆಯ ಹುಚ್ಚು ನನಗೆ ತವರಿನಲ್ಲೇ ಅಂಟಿದ್ದು. ಮುತ್ತಲ ಹೂವು ಕುದಿಸಿ ಹಳದಿ, ತುಕ್ಕು ಹಿಡಿದ ಮೊಳೆಯನ್ನು ಬೆಲ್ಲದ ನೀರಿನಲ್ಲಿ ಕೊಳೆಸಿ ಕಪ್ಪು, ಹೀಗೆ ಏನೇನೋ ಮಾಡುತ್ತಿದ್ದೆ. ಚಿಂಚೋಳಿಗೆ ಸೊಸೆಯಾಗಿ ಬಂದ ಮೇಲೆ ಇನ್ನೊಂದು ಹುಚ್ಚು ಹತ್ತಿತು. ನವೆದ ಧೋತರದ ಎರಡು ಪದರಿನ ನಡುವೆ ಗೋಧಿ ಕಾಳಿಟ್ಟು, ಬಳ್ಳಿಯ ಚಿತ್ರದಂತೆ ಹೊಲಿದು, ಶಹಾಬಾದಿ ಫರಸಿಕಲ್ಲಿನ ಮೇಲೆ ಹಾಸಿ ನೀರು ಚಿಮುಕಿಸುತ್ತಿದ್ದೆ. ಮೊಳಕೆ ಬಟ್ಟೆ ತೂರಿ ಏಳುತ್ತಿತ್ತು.

"ಹೊಟ್ಟ್ಯಾಗ ಆಗಲಾರದ್ದು ಧೋತರದ ಮ್ಯಾಲ ಬೆಳಸಾಕತ್ತಾಳ," ಅನ್ನುತ್ತಿದ್ದಳು ಅತ್ತೆ, ಓಣಿಗೆಲ್ಲ ಕೇಳುವಂತೆ. ಅತ್ತೆಯಲ್ಲ, ಮಾರಿ!

ನಮ್ಮ ಮನೆಯಲ್ಲಿ ಮಹಾನವಮಿಗೆ ದೇವರ ಮುಂದೆ ಗೋಧಿ ಬಿತ್ತುವ ಪದ್ಧತಿ. ಆ ವರ್ಷ ಅತ್ತೆ ಒಂದು ಹಿಡಿ ಗೋಧಿಯನ್ನು ನನ್ನ ಉಡಿಗೆ ಸುರುವಿದಳು.

"ಇವು ಮೊಳೆತ್ರ ಇನ್ನೊಂದು ವರ್ಷ ತಡೀತೀನಿ. ಇಲ್ಲಂದ್ರ ನನ್ನ ಮಗನಿಗಿ ಇನ್ನೊಂದು ಲಗ್ನ. ಸೇಡಂದಾಗ ಹುಡುಗಿ ನೋಡಿಟ್ಟೀನಿ."

ಆಗ ನಮ್ಮದು ನಿಜಾಮರ ಸೀಮೆ. ಎರಡನೇ ಲಗ್ನ ಯಾಕೆಂದು ಕೇಳುವವರಿಲ್ಲ. ಗಂಡ ಪಕ್ಕದಲ್ಲೇ ಅಡಿಕೆ ಅಗಿಯುತ್ತ ಕೂತಿದ್ದ.

ಮಣ್ಣಿಗೆ ಹಾಕಿದರೆ ಒಳಗೇನಾಗುತ್ತಿದೆಯೋ ಕಾಣುವುದಿಲ್ಲ. ಅದಕ್ಕೇ ಧೋತರದಲ್ಲಿ ಗಿಳಿ ಹೊಲಿದೆ. ಹಿಡಿ ಗೋಧಿ ರೆಕ್ಕೆ, ಬಾಲಕ್ಕೇ ಮುಗಿಯಿತು. ಕಣ್ಣಿಗೆಂದು ಬೀಜದ ಗಡಿಗೆಯಿಂದ ಒಂದೆರಡು ಕಾಳು ತೆಗೆದುಕೊಂಡೆ.

ಕಣ್ಣೊಂದೇ ಹಸಿರಾಯಿತು. ಮಿಕ್ಕಿದ್ದೆಲ್ಲ ಲೋಳೆಯಾಗಿ ನಾತ ಹೊಡೆಯಿತು. ಉಡಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ, ಅತ್ತೆ ಸುರುವಿದ ಒಂದು ಒಣ ಕಾಳನ್ನು ಬೆಳಕಿಗೆ ಹಿಡಿದೆ. ಹೊಟ್ಟೆ ಬಿರಿದಿತ್ತು. ಹುಗ್ಗಿಗೆ ಕುದಿಸುವಂತೆ ಕುದಿಸಿ, ಒಣಗಿಸಿ ಕೊಟ್ಟಿದ್ದಳು.

ಗಂಡನಿಗೆ ತೋರಿಸಿದೆ. "ನೋಡ್ರಿ, ನಿಮ್ಮವ್ವ ಕುದಿಸ್ಯಾಳ."

ಕಾಳು ನೋಡಿದ, ಗಿಳಿಯ ಕಣ್ಣು ನೋಡಿದ. "ಸುಮ್ಕ ಕುಂದ್ರು. ಆಕಿ ದೊಡ್ಡಾಕಿ," ಅಂದ.

ಅತ್ತೆ ಆ ಕಣ್ಣನ್ನು ಕಿತ್ತು ಆಡಿನ ಮುಂದೆ ಎಸೆದಳು. ಲಗ್ನವಾಯಿತು. ಹೊಸ ಹೆಂಡತಿಗೆ ಹಾಸಲು ಕೌದಿಯನ್ನೂ ನನ್ನ ಕೈಯಿಂದಲೇ ಹೊಲಿಸಿದರು. ಸೂಜಿ ಚುಚ್ಚಿದಾಗೆಲ್ಲ ಅತ್ತೆಯನ್ನೇ ಚುಚ್ಚಿದೆ ಅಂದುಕೊಂಡೆ.

ಕೆಲವು ವರ್ಷ ಕಳೆದರೂ ಸೇಡಂನವಳ ಮಡಿಲು ತುಂಬಲಿಲ್ಲ. ಒಂದು ಮಹಾನವಮಿಗೆ ಅತ್ತೆ ಮತ್ತೆ ಹಿಡಿ ಗೋಧಿ ಹಿಡಿದು ಅವಳ ಮುಂದೆ ನಿಂತಳು. ಪಾಪ, ಉಡಿ ಒಡ್ಡಿದ್ದಳು ಹುಡುಗಿ. ಅತ್ತೆಯ ಮುಂಗೈ ಹಿಡಿದೆ.

"ಅತ್ತಿ, ಈ ಸಲ ನಿಮ್ಮ ಮಗನ ಕೈಯಾಗ ಕೊಡ್ರಿ. ಕುದಸಬ್ಯಾಡ್ರಿ. ಅವರು ಬಿತ್ತಲಿ, ನೋಡೂನು."

ಅತ್ತೆ ಮುಷ್ಟಿ ಬಿಚ್ಚಲಿಲ್ಲ. ಗಂಡ ಹೊರಗೆ ಹೋಗಲು ಚಪ್ಪಲಿ ಹುಡುಕತೊಡಗಿದ.