ಮಂಡಿ ಮಾವನ ಕೆನ್ನೆಮೂಳೆ

ಮಂಡಿ ಮಾವನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಕೆನ್ನೆಮೂಳೆಗಳು. ಕಣ್ಣಿನ ಕೆಳಗೆ ಎರಡು ನಿಂಬೆಹಣ್ಣು ಇಟ್ಟು ಮೇಲೆ ಚರ್ಮ ಎಳೆದು ಹೊದಿಸಿದ ಹಾಗೆ ಎದ್ದು ನಿಂತಿದ್ದವು. “ಅಣ್ಣಾ, ನಿನ್ ಕೆನ್ನೆಗೆ ತಕ್ಕಡಿ ನೇತಾಕ್ಬೋದು,” ಎಂದು ಹಮಾಲರು ಛೇಡಿಸಿದರೆ, “ಹಾಕ್ಲಾ, ತೂಕನಾದ್ರೂ ಸರಿಯಾಗಿ ಬರ್ತದೆ,” ಎನ್ನುತ್ತಿದ್ದರು.

ಮುಳಬಾಗಿಲಿನಲ್ಲಿ ಅವರದೂ ನಮ್ಮದೂ ಗೋಡೆಗೆ ಗೋಡೆ ಅಂಟಿದ ಮನೆ. ನೆಂಟರಲ್ಲ. ಆದರೂ ನಾನು ಮಾತು ಕಲಿತಾಗಿನಿಂದ ಅವರು ನನಗೆ ಮಾವ. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಆಂಧ್ರದ ವ್ಯಾಪಾರಿಗಳಿಗೆ ತೆಲುಗಿನಲ್ಲಿ, ಆವನಿ ಕಡೆಯ ರೈತರಿಗೆ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಎರಡನ್ನೂ ಕೂಗುತ್ತಿದ್ದರು. ಬೆಳಿಗ್ಗೆ ಮಂಡಿಯಿಂದ ಅವರ “ಒಕಸಾರಿ, ರೆಂಡುಸಾರಿ”, ಅಂದರೆ ಒಂದು ಸಲ, ಎರಡು ಸಲ, ಕೇಳಿದ ಮೇಲೆಯೇ ಅಮ್ಮ ನನ್ನ ಜಡೆ ಹೆಣೆಯಲು ಕೂರುತ್ತಿದ್ದಳು.

ನನಗೆ ದಂತವೈದ್ಯದ ಸೀಟು ಸಿಕ್ಕಾಗ ಅಪ್ಪ ಹಿಂದೆಮುಂದೆ ನೋಡಿದರು. “ಹೆಣ್ಣುಮಗು, ಕಂಡವರ ಬಾಯಲ್ಲಿ ಕೈ ಹಾಕೋದಾ?” ಎಂದರು. ಕಾಂಪೌಂಡಿನ ಆಚೆಯಿಂದ ಮಾವನ ಗಂಟಲು ಎದ್ದಿತು. “ಸಾಮೀ, ನಮ್ ಬೋರ್‌ವೆಲ್ ನೀರು ಕುಡ್ದೋರ ಹಲ್ಲು ನೋಡಿದ್ದೀರಾ? ಇವಳಿಗೆ ಜನ್ಮಪೂರ್ತಿ ಕೆಲ್ಸ ಐತೆ. ಕಳ್ಸಿ.” ಅಪ್ಪ ಕಳಿಸಿದರು.

ಮಾವನ ಹಲ್ಲುಗಳೂ ಫ್ಲೋರೈಡ್ ತುಂಬಿದ ಆ ನೀರಿನವೇ. ಕಂದು ಬಣ್ಣಕ್ಕೆ ತಿರುಗಿ, ಚಕ್ಕೆ ಎದ್ದು, ಅಲ್ಲಾಡತೊಡಗಿದ್ದವು. 1997ರಲ್ಲಿ ಮೇಲಿನ ಸಾಲನ್ನು ಪೂರ್ತಿ ಕೀಳಿಸಿ ಹಲ್ಲಿನ ಸೆಟ್ ಹಾಕಿಸಿಕೊಂಡರು. ಎಂಟನೇ ತರಗತಿಯಿಂದ ದಿನಚರಿ ಬರೆಯುವವಳಾದ್ದರಿಂದ ವರ್ಷಗಳು ನನಗೆ ತಪ್ಪುವುದಿಲ್ಲ. ಹಲ್ಲಿಲ್ಲದ ದವಡೆ ಕಾಲ ಕಳೆದಂತೆ ಸವೆಯುತ್ತದೆ, ಸವೆದ ದವಡೆಯ ಮೇಲೆ ಸೆಟ್ ಕೂರುವುದಿಲ್ಲ. ಅದನ್ನು ನಾನು ಕಾಲೇಜಿನಲ್ಲಿ ಓದುವ ಹೊತ್ತಿಗೆ ಮಂಡಿಯ ಜನ ಕಣ್ಣಾರೆ ನೋಡಿಯಾಗಿತ್ತು. ಒಂದು ದಿನ ಮಾವ “ಮೂಡುಸಾರಿ” ಎಂದು ಬಾಯಿ ಅಗಲಿಸಿದ್ದೇ ಸೆಟ್ ಹಾರಿ ಟೊಮೆಟೊ ಕ್ರೇಟಿನೊಳಗೆ ಬಿತ್ತು.

“ಏಂ ಅಣ್ಣಾ, ಹಲ್ಲೂ ಲಾಟಿಗೆ ಸೇರಿಸ್ಬಿಟ್ಟಾ?” ಎಂದ ಒಬ್ಬ ಹಮಾಲ.

“ಎತ್ಕೊಡ್ಲೇ, ಮೊದ್ಲು ಅದ್ರ ರೇಟ್ ಹೇಳು!” ಎಂದರು ಮಾವ.

ಎಲ್ಲರೂ ನಕ್ಕರು. ನಗದೆ ನಿಂತಿದ್ದ ಮಂಡಿಯ ಯಜಮಾನ ಮಾರನೆಯ ದಿನ, ಹರಾಜು ಕೂಗಲು ಶ್ರೀನಿವಾಸಪುರದಿಂದ ಒಬ್ಬ ಹುಡುಗನನ್ನು ಕರೆಸುವ ಮಾತಾಡಿದ.

ಮಾವ ಉಪಾಯ ಹುಡುಕಿದರು. ಹೊಗೆಸೊಪ್ಪನ್ನು ಸುಣ್ಣದ ಜೊತೆ ತಿಕ್ಕಿ ಉಂಡೆ ಮಾಡಿ, ಎಡಗಡೆ ಒಸಡಿನ ಮೇಲೆ ಒತ್ತಿ, ಅದರ ಮೇಲೆ ಸೆಟ್ ಕೂರಿಸಿಕೊಳ್ಳುತ್ತಿದ್ದರು. ಸೆಟ್ ಕದಲುತ್ತಿರಲಿಲ್ಲ. ಹುಡುಗ ಬರಲಿಲ್ಲ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರ ಗಂಟಲು ಆ ಉಂಡೆಯ ಮೇಲೆ ನಿಂತಿತ್ತು. ಈ ಉಪಾಯವನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

2004ರಲ್ಲಿ ನಾನು ಇಂಟರ್ನ್. ಮೇಲ್ದವಡೆಯಲ್ಲಿ ಮೂಳೆಯೇ ಉಳಿಯದವರಿಗೆ ಉದ್ದದ ತಿರುಪಿನಂಥ ಇಂಪ್ಲಾಂಟನ್ನು ಒಸಡಿನಿಂದ ಕೆನ್ನೆಮೂಳೆಯವರೆಗೆ ಕೂರಿಸಿ ಹಲ್ಲು ಕಟ್ಟುತ್ತಾರೆ ಎಂದು ನಮ್ಮ ಮೇಡಂ ಪಾಠ ಮಾಡಿದರು. ನನ್ನ ತಲೆಯಲ್ಲಿ ಹೊಳೆದದ್ದು ಒಂದೇ ಮುಖ. ರಜೆಗೆ ಬಂದವಳು ಹೇಳಿದೆ. ಮಾವ ಎರಡೂ ಕೆನ್ನೆ ಸವರಿಕೊಂಡರು. “ಕೊನೆಗೂ ಇವಕ್ಕೊಂದು ಕೆಲ್ಸ ಸಿಕ್ತು ಬಿಡು, ಅಮ್ಮಾಯಿ.” ಅತ್ತೆಯೂ, ಅಂದರೆ ಅವರ ಹೆಂಡತಿ, ಸಂತೋಷಪಟ್ಟರು. “ಈಗೀಗ ಮೈ ಹಿಡಿದವ್ರೆ ನೋಡು, ಎಡಗೆನ್ನೆ ಎಷ್ಟು ತುಂಬ್ಕೊಂಡೈತೆ,” ಎಂದರು.

ಬೆಂಗಳೂರಿನಲ್ಲಿ ಮೇಡಂ ಹೆಬ್ಬೆರಳಿನಿಂದ ಕೆನ್ನೆ ಒತ್ತಿ ನೋಡಿದರು. “ಹೊರಗಿನ ಎತ್ತರ ಲೆಕ್ಕಕ್ಕಿಲ್ಲ. ಹಲ್ಲು ಹೋಗಿ ಕೆನ್ನೆ ಒಳಕ್ಕೆ ಬಿದ್ದಿದ್ದಕ್ಕೆ ಮೂಳೆ ಎದ್ದು ಕಾಣ್ತಿದೆ. ಒಳಗೆ ಎಷ್ಟು ದಪ್ಪ ಇದೆ, ಎಷ್ಟು ಗಟ್ಟಿ ಇದೆ ಅನ್ನೋದು ಮುಖ್ಯ,” ಎಂದು ನನಗೆ ಹೇಳುತ್ತಲೇ ಮಾವನ ಸೆಟ್ ತೆಗೆಸಿದರು. ಅದರ ಕೆಳಗೆ ಉಂಡೆ ಇತ್ತು. ಉಂಡೆಯ ಕೆಳಗೆ ಹೂಕೋಸಿನ ತುಣುಕಿನಂಥ ಹುಣ್ಣು. ಮೇಡಂ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನಿನಲ್ಲಿ ಬಲಗಡೆಯ ಕೆನ್ನೆಮೂಳೆ ದಪ್ಪಗೆ, ಬೆಳ್ಳಗೆ, ಇಂಪ್ಲಾಂಟಿಗೆ ಹೇಳಿ ಮಾಡಿಸಿದಂತಿತ್ತು. ಎಡಗಡೆಯದು ಗೆದ್ದಲು ತಿಂದ ಬಾಗಿಲಿನ ಹಾಗೆ. ಅತ್ತೆ ಎಡಗೆನ್ನೆಯಲ್ಲಿ ಕಂಡದ್ದು ಮೈಯಲ್ಲ, ಗಡ್ಡೆ. ಕ್ಯಾನ್ಸರ್ ದವಡೆಯನ್ನು ದಾಟಿ ಮೇಲಕ್ಕೆ ಹೋಗಿತ್ತು.

ಎಡ ಮೇಲ್ದವಡೆಯನ್ನು ಕೆನ್ನೆಮೂಳೆಯ ಸಮೇತ ತೆಗೆಯಬೇಕು, ಬೇಗ ತೆಗೆದರೆ ಬದುಕಬಹುದು ಎಂದರು ಮೇಡಂ. ಮಾವ ಒಂದೇ ಪ್ರಶ್ನೆ ಕೇಳಿದರು.

“ತೆಗೆದ್ಮೇಲೆ ಕೂಗಕ್ಕಾಗ್ತದಾ ಮೇಡಂ?”

“ಮಾತಾಡಬಹುದು. ಕೂಗೋದು ಕಷ್ಟ.”

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. “ಸೀಸನ್ ಮುಗೀಲಿ ಕಣಮ್ಮ, ಆಮೇಲೆ ನೋಡನ,” ಎಂದರು. ನಾನು ಬೇಡಿದೆ, ಬೈದೆ, ಅತ್ತೆಯನ್ನು ಮುಂದೆ ಬಿಟ್ಟೆ. ಕೇಳಲಿಲ್ಲ. ಉಂಡೆ ಬಿಟ್ಟರು, ಅದರ ಜೊತೆ ಸೆಟ್ಟನ್ನೂ ಬಿಟ್ಟರು. ಬೋಳು ಬಾಯಲ್ಲೇ, ಟವಲನ್ನು ಎಡಗೆನ್ನೆಗೆ ಒತ್ತಿಕೊಂಡು, ಆ ಸೀಸನ್ ಪೂರ್ತಿ ಕೂಗಿದರು. ಯಾರೂ ನಗಲಿಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಎಡಗಣ್ಣು ಮುಚ್ಚಿಹೋಗಿತ್ತು. ಈಗ ಮುಟ್ಟುವ ಹಾಗಿಲ್ಲ ಎಂದು ಡಾಕ್ಟರರೇ ಕೈಬಿಟ್ಟರು.

ಕೊನೆಯ ತಿಂಗಳುಗಳಲ್ಲಿ ಡ್ರೆಸ್ಸಿಂಗ್ ಮಾಡಲು ಹೋದಾಗ ನನ್ನ ಬೆರಳು ಹಿಡಿದು ತಾವೇ ಬಾಯೊಳಗೆ ಇಟ್ಟುಕೊಂಡರು. ಮಾತು ಅಷ್ಟಿಷ್ಟೇ ಹೊರಡುತ್ತಿತ್ತು. “ಚೆನ್ನಾಗ್ ಮುಟ್ಟಿ ನೋಡು. ಇನ್ನೊಬ್ರಿಗೆ ಬಂದ್ರೆ ಬೇಗ ಗೊತ್ತಾಗ್ಬೇಕು ನಿಂಗೆ.” ಅಂಚು ಗಟ್ಟಿ, ನಡುವೆ ಮೆತ್ತಗೆ, ಮುಟ್ಟಿದರೆ ರಕ್ತ. ನಾನು ಮುಟ್ಟಿ ನೋಡಿದೆ.

2005ರ ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ, ಹೋದರು. ಮೈ ತೊಳೆದ ಮೇಲೆ ಅತ್ತೆ ಒಳಗಿನಿಂದ ಸೆಟ್ ತಂದು ನನ್ನ ಕೈಗಿಟ್ಟರು. “ಬಾಯಿ ಗುಳಿ ಬಿದ್ದೈತೆ. ಹಾಕಮ್ಮ. ಮಂಡಿಯೋರೆಲ್ಲ ಬರ್ತಾರೆ.” ನಾನು ಪ್ರಯತ್ನಪಟ್ಟೆ. ಕೂರಲಿಲ್ಲ. ಕೂರಲು ಅಲ್ಲಿ ದವಡೆಯೇ ಇರಲಿಲ್ಲ. ಅತ್ತೆ ಅವರ ಹೆಗಲ ಟವಲನ್ನೇ ಗಲ್ಲಕ್ಕೆ ಕಟ್ಟಿದರು.

ಈಗ ಬಸ್ ನಿಲ್ದಾಣದ ಹಿಂದೆ ನನ್ನ ಕ್ಲಿನಿಕ್ ಇದೆ. ಸೆಟ್ ಇರುವವರು ಯಾವ ನೋವಿಗೆ ಬಂದಿರಲಿ, ಮೊದಲು ಅದನ್ನು ತೆಗೆಸುತ್ತೇನೆ. ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು. “ಹಲ್ಲು ನೋವು ಕೆಳಗಡೆ ಅಂದ್ನಲ್ಲಮ್ಮ!” ಎನ್ನುತ್ತಾರೆ. ಇರಲಿ ಎನ್ನುತ್ತೇನೆ. ದೀಪ ಹಾಕುವುದಕ್ಕೂ ಮೊದಲು ಬೆರಳು ಎಡಗಡೆಯ ಒಸಡಿನ ಮೇಲೆ ಹೋಗುತ್ತದೆ. ಗಟ್ಟಿ ಅಂಚು ಸಿಗದೆ ಬೆರಳು ಈಚೆ ಬರುವವರೆಗೆ ನಾನು ಉಸಿರು ಬಿಡುವುದಿಲ್ಲ.