ಅಮೀನಬಿಯ ಕಣ್ಣು, ದೀಪದ ತಪ್ಪು

ಇಳಕಲ್ಲಿನ ಅಮೀನಬಿಯ ಕಣ್ಣು ಮಂಜಾದದ್ದು ಓಣಿಗೆಲ್ಲ ಗೊತ್ತಿತ್ತು. ಅವಳೊಬ್ಬಳು ಮಾತ್ರ ಒಪ್ಪುತ್ತಿರಲಿಲ್ಲ. ಸೀರೆಯ ಒಡಲಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಲೇ ಮುದುಕಿಯಾದವಳು. ಈಗ ಎಳೆ ತಪ್ಪಿದರೆ ದೀಪವನ್ನು ಬೈಯುತ್ತಿದ್ದಳು. "ದೀಪಾನ ಮಂಕಾಗೇತಿ, ನನ್ನ ಕಣ್ಣಿಗೇನಾಗೇತಿ?"

ಸೊಸೆ ಅಲೀಮಾ ವಾದಕ್ಕಿಳಿಯಲಿಲ್ಲ. ಅತ್ತೆಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಎಳೆಗಳ ಕೆಳಗೆ ಬಿಳಿ ಬಟ್ಟೆ ಹಾಸಿದಳು. ಬಿಳಿಯ ಮೇಲೆ ಕೆಂಪು ಎದ್ದು ಕಂಡಿತು. ಸಂಜೆಯೊಳಗೆ ಸೆರಗು ಕೂಡಿತು.

"ನಾ ಹೇಳಿದ್ದಿಲ್ಲೇನ, ದೀಪದ್ದ ತಪ್ಪು ಅಂತ!" ಎಂದು ಬೀಗಿದ ಅಮೀನಬಿ ಹಾಸಿದ್ದ ಬಿಳಿ ಬಟ್ಟೆ ಸವರಿದಳು. "ಇದನ್ನ ಎಲ್ಲಿಂದ ತಂದಿ?"

ಅಲೀಮಾ ದನಿ ತಗ್ಗಿಸಿದಳು. "ನಿಮ್ಮ ಪೆಟ್ಟಿಗ್ಯಾಗಿಂದು, ಅತ್ತಿ. ಪ್ಲೇಗ್ ಬಂದಾಗ ಮಣ್ಣು ಮಾಡೂವಾಗ ನಿಮ್ಮ ಮೈಗೆ ಸುತ್ತೂ ಕಫನಕ್ಕಂತ ಎತ್ತಿಟ್ಟಿದ್ರಲ್ಲ, ಅದು."

ಅಮೀನಬಿ ಇನ್ನೊಂದು ಸೀರೆಯ ಎಳೆಗಳನ್ನು ಅದರ ಮೇಲೆ ಹರವಿಕೊಂಡಳು.

"ಸಾವು ಬಂದ್ರ ಹೇಳು, ಬಟ್ಟಿ ಕೆಲಸಕ್ಕ ಹತ್ತೇತಿ, ಮತ್ಯಾವಾಗರ ಬಾ ಅಂತ."