ಸೂತಕದಲ್ಲಿ ಕೆಡದ ಕಂಪ್ಯೂಟರ್

೧೯೯೫ರ ಏಪ್ರಿಲ್‌ನಲ್ಲಿ ನಾನು ಒಬ್ಬ ವಿಧವೆಯ ಅನ್ನ ಕಸಿಯಲು ಹೊರಟಿದ್ದೆ. ಅದನ್ನು ತಪ್ಪಿಸಿದ ನರಸಿಂಹಸ್ವಾಮಿಯ ಕೃಪೆಯನ್ನು ಭಕ್ತ ಬಂಧುಗಳೆದುರು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಶಿವಮೊಗ್ಗದಿಂದ ವರ್ಗವಾಗಿ ಬಂದ ನಾನು ಸೂರತ್ತಿನ ಅಡಾಜಣ್‌ನಲ್ಲಿ ಒಂದು ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ಒಂದೇ ಯಂತ್ರ. ಅದರ ಮುಂದೆ ಕೂರುವವರು ಹಂಸಾಬೆನ್. ಗಂಡ ಇದೇ ಕಚೇರಿಯಲ್ಲಿದ್ದಾಗ ತೀರಿಕೊಂಡಿದ್ದರಿಂದ ಅನುಕಂಪದ ಮೇಲೆ ಸಿಕ್ಕ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಒಬ್ಬಳೇ ಮಗಳು.

ಬಿಸಿಲು ಏರಿದಂತೆ ಯಂತ್ರ ಕೈಕೊಡತೊಡಗಿತು. ಹತ್ತಕ್ಕೆ ಶುರುಮಾಡಿದರೆ ಹನ್ನೊಂದೂವರೆಗೆ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ನೀರುಪಾಲು. ವಡೋದರದಿಂದ ಎಂಜಿನಿಯರ್ ಮೂರು ಸಲ ಬಂದ. ಮೆಮೊರಿ ಬದಲಿಸಿದ, ಪವರ್ ಸಪ್ಲೈ ಬದಲಿಸಿದ, ಸಂಜೆವರೆಗೆ ಓಡಿಸಿ ನೋಡಿದ. ಅವನೆದುರು ಅದು ನಿಲ್ಲಲೇ ಇಲ್ಲ. ಯಂತ್ರ ಸರಿಯಿದೆ, ಕೂರುವವರನ್ನು ವಿಚಾರಿಸಿ ಎಂದು ಬರೆದುಕೊಟ್ಟು ಹೋದ. ಮರುದಿನ ಮತ್ತೆ ಅದೇ ಕಥೆ.

"ಮೇಂ ಕಶುಂ ಕರ್ಯುಂ ನಥಿ, ಸಾಹೇಬ್," ನಾನೇನೂ ಮಾಡಿಲ್ಲ ಎಂದು ಹಂಸಾಬೆನ್ ಅತ್ತರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಹಾಗಾದ್ರೆ ನಾನು ಮಾಡಿದ್ನಾ?" ಎಂದು ಎಲ್ಲರೆದುರು ಕೂಗಾಡಿದೆ. ಆಕೆಯ ಅಜಾಗರೂಕತೆಯೇ ಕಾರಣವೆಂದು ಅಹಮದಾಬಾದಿನ ಮೇಲಿನ ಕಚೇರಿಗೆ ವರದಿ ಕಳಿಸಿದೆ. ತಿಂಗಳ ಕೊನೆಗೆ ಆಕೆಯನ್ನು ಕೆಲಸದಿಂದ ಬಿಡಿಸುವುದೆಂದು ತೀರ್ಮಾನವಾಯಿತು.

ಆದರೂ ಒಳಗೊಳಗೇ ಚುಚ್ಚುತ್ತಿತ್ತು. ದುಡಿಯುವ ಯಂತ್ರಕ್ಕೆ ಹೂವು ಮುಡಿಸದೆ ಕೆಲಸ ಶುರುಮಾಡುವ ಮನೆತನ ನಮ್ಮದಲ್ಲ. ಕಂಪ್ಯೂಟರ್ ಬಂದ ದಿನದಿಂದ ನಾನೇ ಚೆಂಡುಹೂವಿನ ಮಾಲೆ ತಂದು, ಪೆಟ್ಟಿಗೆಯ ಹಿಂಬದಿಗೆ ಇಳಿಬಿಟ್ಟು ಕೈಮುಗಿಯುತ್ತಿದ್ದೆ. ತೊಂದರೆ ಹೆಚ್ಚಿದಂತೆ ಒಂದು ಮೊಳದ ಮಾಲೆಯನ್ನು ಎರಡು ಮೊಳ ಮಾಡಿದೆ. "ಸ್ವಾಮಿ, ತಪ್ಪು ಯಾರದು ಅಂತ ತೋರಿಸಿಬಿಡಪ್ಪ" ಎಂದು ದಿನವೂ ಬೇಡಿದೆ.

ಆ ವಾರವೇ ಊರಿನಿಂದ ಫೋನ್ ಬಂತು. ನನ್ನನ್ನು ಸಾಕಿ ಓದಿಸಿದ ಚಿಕ್ಕಪ್ಪ ಹೋಗಿಬಿಟ್ಟಿದ್ದರು. ಸಂಸ್ಕಾರವೂ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡುವ ಪುಣ್ಯವೂ ನನಗಿರಲಿಲ್ಲ.

"ಹತ್ತು ದಿನ ಸೂತಕ ಕಣ್ರೀ. ಆಫೀಸಲ್ಲೂ ಹೂವು ಗೀವು ಅಂತ ಹೋಗ್ಬೇಡಿ," ಎಂದಳು ಹೆಂಡತಿ.

ಬೇಡಿಕೊಂಡದ್ದಕ್ಕೆ ಇದೇ ಉತ್ತರವೇ ಎಂದು ದೇವರ ಮೇಲೆ ಮುನಿದು, ಬರಿಗೈಯಲ್ಲಿ ಕಚೇರಿಗೆ ಹೋಗಿಬಂದೆ.

ಆ ಹತ್ತು ದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ವರದಿಗೆ ಹೆದರಿ ಹಂಸಾಬೆನ್ ನೆಟ್ಟಗಾದರೆಂದೇ ಎಣಿಸಿದೆ. ಶುದ್ಧವಾದ ಹನ್ನೊಂದನೆಯ ದಿನ ಮತ್ತೆ ಮಾಲೆ ಹಾಕಿದೆ. ಹನ್ನೊಂದೂವರೆಗೆ ಪರದೆ ನಿಂತಿತು. ಅಂದು ಹಂಸಾಬೆನ್ ರಜೆಯಲ್ಲಿದ್ದರು. ಯಂತ್ರದ ಮುಂದೆ ಕೂತಿದ್ದವನು ನಾನೇ.

ಹಿಂದೆ ಕೈಹಾಕಿ ನೋಡಿದೆ. ಹೂವು ಬೆಂದ ಸೊಪ್ಪಿನಂತೆ ಬಿಸಿಯಾಗಿತ್ತು. ಒಳಗಿನ ಬಿಸಿಗಾಳಿ ಹೊರಗೆ ಹೋಗುವ ಫ್ಯಾನಿನ ಕಿಂಡಿಯನ್ನು ನನ್ನ ಎರಡು ಮೊಳ ಹೂವು ಮುಚ್ಚಿಕೊಂಡಿತ್ತು. ಎಂಜಿನಿಯರ್ ಪ್ರತಿ ಸಲವೂ ಮಾಲೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ ಮೇಲೆಯೇ ಪೆಟ್ಟಿಗೆ ಬಿಚ್ಚುತ್ತಿದ್ದ. ಅವನಿಗೆ ದೋಷ ಸಿಗುವುದಾದರೂ ಹೇಗೆ?

ಮರುದಿನ ಬೆಳಗಿನ ಬಸ್ಸಿನಲ್ಲಿ, ದಾರಿಯಲ್ಲಿ ಸಿಗುವ ಭರೂಚ್‌ವರೆಗೆ ನಿಂತುಕೊಂಡೇ, ಅಹಮದಾಬಾದಿಗೆ ಹೋದೆ. ದೊಡ್ಡ ಸಾಹೇಬರು ಎಲ್ಲ ಕೇಳಿ, "ಬರೆದುಕೊಡ್ತೀರಾ?" ಎಂದರು. ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ಹಳೆಯ ವರದಿ ರದ್ದಾಯಿತು.

ವಾಪಸ್ ಬಂದು, ಕೂಗಾಡಿದ್ದ ಜಾಗದಲ್ಲೇ ಎಲ್ಲರೆದುರು ಹಂಸಾಬೆನ್‌ಗೆ ಕೈಮುಗಿದೆ. ಆಕೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ವರದಿ ಹೋದ ದಿನ ತಾಪಿ ನದಿ ಸೇತುವೆ ಹತ್ರ ಬಸ್ ಇಳಿದುಬಿಟ್ಟಿದ್ದೆ, ಸಾಹೇಬ್," ಎಂದರು. "ಕೆಳಗೆ ನೀರು ನೋಡ್ತಾ ನಿಂತಿದ್ದೆ. ಮಗಳು ಶಾಲೆಯಿಂದ ಬರೋ ಹೊತ್ತಾಯ್ತು ಅಂತ ನೆನಪಾಯ್ತು. ಮನೆಗೆ ಹೋದೆ."

ಸ್ವಾಮಿ ನನಗೆ ತಪ್ಪು ತೋರಿಸಿದ್ದು ಆಮೇಲೆ. ಅದಕ್ಕೂ ಮೊದಲೇ ಆ ಸೇತುವೆಯ ಮೇಲೆ ಆಕೆಗೆ ಮಗಳನ್ನು ನೆನಪಿಸಿದ್ದ. ಇಲ್ಲದಿದ್ದರೆ ನನ್ನ ಕ್ಷಮೆಯನ್ನು ಕೇಳಿಸಿಕೊಳ್ಳಲು ಆ ಕುರ್ಚಿಯಲ್ಲಿ ಯಾರೂ ಇರುತ್ತಿರಲಿಲ್ಲ.